ಕೋಂ ಹಿಂದಿನ ಹೆಸರು

ಮೊನ್ನೆ ಮಗಳು ಕುಮಟೆಯಿಂದ ಬರುವಾಗ ಹೆದ್ದಾರಿಯ ಬದಿ ಕಾರು ನಿಲ್ಲಿಸಿ ಒಂದು ಜಡೆ ನೀರುಳ್ಳಿ ತಂದಳು. ಕಿಟಕಿಯ ಸರಳಿಗೆ ತೂಗುಹಾಕೋಣ ಎಂದು ಎತ್ತಿ ಹಿಡಿದೆ. ಒಣಗಿದ ನೀರುಳ್ಳಿ ಎಲೆಗೆ ಅದರದೇ ಒಂದು ವಾಸನೆ ಇರುತ್ತದೆ. ಗಡ್ಡೆಯ ಘಾಟಲ್ಲ ಅದು. ಬಿಸಿಲಿಗೆ ಕಾದ ಹುಲ್ಲು, ಸ್ವಲ್ಪ ಮರಳು, ಸ್ವಲ್ಪ ಒಲೆಯ ಬೂದಿ ಕೂಡಿದ ಹಾಗೆ... ನಾನು ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನಿಂತೇ ಇದ್ದೆ. ಮಗಳು, "ಅಮ್ಮಾ, ಹಾಳಾಗಿದೆಯಾ?" ಎಂದು ಕೇಳಿದಳು.

ಹಾಳಾಗಿರಲಿಲ್ಲ. ಆದರೆ ಜಡೆಯನ್ನು ನೀಲಿ ಪ್ಲಾಸ್ಟಿಕ್ ದಾರದಲ್ಲಿ ಬಿಗಿದಿದ್ದರು. ಎರಡು ಗಡ್ಡೆ ಬೇಕಾಗಿತ್ತು. ಕತ್ತರಿ ತಂದು ದಾರ ಕತ್ತರಿಸಿದ್ದೇ ತಡ, ಇಡೀ ಜಡೆ ಬಿಚ್ಚಿಕೊಂಡು ನೀರುಳ್ಳಿಯೆಲ್ಲ ನೆಲದ ಮೇಲೆ ಉರುಳಿತು. ಒಂದು ಫ್ರಿಜ್ಜಿನ ಅಡಿಗೆ ಹೋಯಿತು. ನನಗೆ ಯಾಕೋ ತಡೆಯಲಾರದ ಸಿಟ್ಟು ಬಂತು. ಅವಳು ಹೆಣೆದ ಜಡೆಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಕೆಳಗಿನಿಂದ ಒಂದು ಗಡ್ಡೆ ತಿರುಪಿ ತೆಗೆದರೆ ಉಳಿದವು ಒಂದರ ಕೈ ಒಂದು ಹಿಡಿದುಕೊಂಡು ಮಳೆಗಾಲ ಮುಗಿಯುವ ತನಕ ಹಾಗೇ ಇರುತ್ತಿದ್ದವು. ಅವಳು ದಾರ ಮುಟ್ಟಿದವಳೇ ಅಲ್ಲ. ಎಲೆಯನ್ನು ಎಲೆಯಿಂದಲೇ ಕಟ್ಟುತ್ತಿದ್ದಳು.

ಅವಳು ಎಂದರೆ ನಮ್ಮ ಹಿತ್ತಲಾಚೆಯ ಗೌಡ್ತಿ.

ಆಗ ನಾವು ಹೊನ್ನಾವರದಲ್ಲಿದ್ದೆವು. ಅಪ್ಪ ಮಾಮ್ಲೇದಾರ ಕಚೇರಿಯಲ್ಲಿ ಕಾರಕೂನರು. ನಮ್ಮ ಹಿತ್ತಲ ಬೇಲಿ ದಾಟಿದರೆ ಹೊಳೆಯ ಕಡೆಗೆ ಇಳಿಯುವ ಮರಳು ಗದ್ದೆ. ಅದನ್ನು ಗೇಣಿಗೆ ಮಾಡುತ್ತಿದ್ದ ಗಂಡಹೆಂಡಿರು ಕುಮಟೆಯ ಕಡಲ ಬದಿಯ ಒಂದು ಊರಿನಿಂದ ಬಂದವರು. ಗಂಡನನ್ನು ಎಲ್ಲರೂ ಗೌಡ ಎನ್ನುತ್ತಿದ್ದರು. ಹಾಗಾಗಿ ಅವಳು ಗೌಡ್ತಿ. ನನ್ನ ತಾಯಿಗೂ ಗೌಡ್ತಿ, ಮೀನು ತರುವವಳಿಗೂ ಗೌಡ್ತಿ, ಹನ್ನೆರಡು ವರ್ಷದ ನನಗೂ ಗೌಡ್ತಿ. ಕುತ್ತಿಗೆ ತುಂಬ ಕರಿಮಣಿ ಸರ, ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ. ಬೆನ್ನು ಬಿಸಿಲಿಗೆ ಸುಟ್ಟು ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಹೊನ್ನಾವರದ ಮರಳಿನಲ್ಲಿ ಕುಮಟೆಯ ನೀರುಳ್ಳಿ ಬರುವುದಿಲ್ಲ ಎಂದು ಊರೆಲ್ಲ ಹೇಳಿತ್ತು. ಅವಳು ತವರಿನಿಂದ ಬೀಜದ ಗಡ್ಡೆ ತಂದು ನೆಟ್ಟು ಬರಿಸಿದಳು. ಗದ್ದೆಯ ನಡುವೆ ತೋಡಿದ ಗುಂಡಿಯಿಂದ ಎರಡು ಕೊಡ ನೀರು ಎತ್ತಿ ಸಾಲಿನ ಉದ್ದಕ್ಕೂ ಬಗ್ಗಿ ಹೋಗಬೇಕು. ನೀರು ಧಾರೆಯಾಗಿ ಬಿದ್ದರೆ ಎಳೆಯ ಬುಡ ಎದ್ದುಬಿಡುತ್ತದೆ ಎಂದು ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿನಿಂದ ಚಿಮುಕಿಸುತ್ತಿದ್ದಳು. ಒಂದು ಸಾಲಿಗೆ ಒಂದು ಹಾಡು. ಹಾಡು ಮುಗಿದರೆ ಸಾಲು ಮುಗಿಯಿತು ಎಂದು ಲೆಕ್ಕ. ಅವಳ ಬಲ ಅಂಗೈ ಯಾವಾಗಲೂ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ನನ್ನ ಗಲ್ಲ ಹಿಡಿದರೆ ಅದು ಒರಟಾಗಿ, ತಣ್ಣಗೆ ತಾಗುತ್ತಿತ್ತು...

ಅವಳ ಒಂದು ಮಾತು ನಮಗೆ ಮಕ್ಕಳಿಗೆ ತಮಾಷೆ. ವಾರದ ಆರು ದಿನಗಳ ಹೆಸರನ್ನೂ ಸರಿಯಾಗಿ ಹೇಳುವವಳು ಒಂದು ದಿನದ್ದು ಮಾತ್ರ ಹೇಳುತ್ತಿರಲಿಲ್ಲ. "ಮಂಗ್ಳಾರದ ಮಾರನೇ ದಿವ್ಸ ಬತ್ತೆ ಅಮ್ಮೋರೇ" ಎನ್ನುತ್ತಿದ್ದಳು. ನಾನೂ ತಮ್ಮನೂ ಅದನ್ನೇ ಅಣಕಿಸಿ, "ಸೋಮಾರದ ಮಾರನೇ ದಿವ್ಸದ ಮಾರನೇ ದಿವ್ಸ" ಎಂದು ಕುಣಿಯುತ್ತಿದ್ದೆವು. ಅವಳೂ ನಗುತ್ತಿದ್ದಳು. ಯಾಕೆ ಹಾಗೆ ಹೇಳುತ್ತಾಳೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ...

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಬೇಸಿಗೆಯಲ್ಲಿ ಹೊನ್ನಾವರ, ಕುಮಟೆ, ಭಟ್ಕಳ ಮೂರೂ ತಾಲೂಕುಗಳಲ್ಲಿ ಒಂದಾದ ಮೇಲೆ ಒಂದು ಕೃಷಿ ಪ್ರದರ್ಶನ ನಡೆಯುತ್ತಿತ್ತು. ಹೊನ್ನಾವರದ ಪ್ರದರ್ಶನಕ್ಕೆ ಕಾನ್ವೆಂಟ್ ಶಾಲೆಯ ನಾವು ಹುಡುಗಿಯರು ಕಸೂತಿ ಹಾಕಿದ ಮೇಜುಬಟ್ಟೆಗಳನ್ನು ಇಡುವುದು ರೂಢಿ. ಹಿಂದಿನ ವರ್ಷ ಗೌಡ್ತಿ ಸುಮ್ಮನೆ ನೋಡಲು ಬಂದಿದ್ದಳು. ಅಲ್ಲಿ ಕಂಬದ ಮೇಲೆ ಕಟ್ಟಿದ ಧ್ವನಿವರ್ಧಕದ ಭೋಂಗಾದಲ್ಲಿ ಒಬ್ಬ ಒಡೆಯರ ಬದನೆಕಾಯಿಗೆ ಬಹುಮಾನ ಬಂದದ್ದನ್ನು ಹೆಸರು ಹಿಡಿದು ಸಾರಿದರು. ಅದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ವರ್ಷ ನೀರುಳ್ಳಿಗೂ ಬಹುಮಾನ, ಮೊದಲು ಬಂದವರಿಗೆ ಒಂದು ಜೋಡಿ ತಗಡಿನ ಝಾರಿ ಎಂದು ತಿಳಿದದ್ದೇ, ಅರ್ಜಿಯ ಕಾಗದ ಹಿಡಿದುಕೊಂಡು ಬೇಲಿಯ ಹತ್ತಿರ ಬಂದಳು.

"ತಂಗೀ, ನಿಂಗೆ ಚಂದ ಅಕ್ಷರ ಬತ್ತದೆ. ಇದ್ರಾಗೆ ಬರ್ದು ಕೊಡ."

ಝಾರಿ ಎಂದರೆ ಮೂತಿಯಲ್ಲಿ ಸಣ್ಣ ಸಣ್ಣ ತೂತಿರುವ ನೀರಿನ ಡಬ್ಬಿ. ಅದು ಸಿಕ್ಕರೆ ಅವಳು ಅಂಗೈ ಅಡ್ಡ ಹಿಡಿಯಬೇಕಾಗಿರಲಿಲ್ಲ. ನಾನು ಅದನ್ನೇ ಹೇಳಿದೆ.

"ಝಾರಿ ಸಿಕ್ರೆ ಸೊಂಟಕ್ಕೆ ಸುಖ, ಹೌದು," ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ನಂಗೆ ಭೋಂಗಾ ಬೇಕು ತಂಗೀ. ನಮ್ಮ ಅವ್ವಿ ಸತ್ತ ಮೇಲೆ ನನ್ನ ಹೆಸ್ರು ಹಿಡ್ದು ಕರ್ದವ್ರೇ ಇಲ್ಲ. ಒಂದ್ಸಲ ಅದ್ರಾಗೆ ಕೇಳ್ಬೇಕು" ಎಂದಳು.

ನಾನು ಪೆನ್ನು ತಂದೆ. ತಾಯಿ ಒಳಗೆ ಮಲಗಿದ್ದರು. ಅವರನ್ನು ಎಬ್ಬಿಸಿ ಕೇಳಿಕೊಂಡು ಬರೆಯಬಹುದಿತ್ತು. ಆದರೆ ಕಚೇರಿಯ ಕಾಗದವನ್ನು ನಾನೊಬ್ಬಳೇ ತುಂಬಿಸಿದೆ ಎಂದು ಅಪ್ಪನಿಗೆ ಹೇಳುವ ಹೆಮ್ಮೆ ನನಗೆ ಬೇಕಾಗಿತ್ತು. ಮೊದಲನೆಯ ಗೆರೆ ಹೆಸರು. ಅವಳು ತನ್ನ ಹೆಸರು ಹೇಳಿದಳು. ನಾನು ಬರೆದೆ. ಅದರ ಮುಂದೆ ಅಚ್ಚಿನಲ್ಲಿ 'ಬಿನ್/ಕೋಂ' ಎಂದಿತ್ತು. ಗಂಡಸಾದರೆ ಬಿನ್ ಮುಂದೆ ಅಪ್ಪನ ಹೆಸರು, ಹೆಂಗಸಾದರೆ ಕೋಂ ಮುಂದೆ ಗಂಡನ ಹೆಸರು. ಕಾರಕೂನರ ಮಗಳು ನಾನು, ಇದೆಲ್ಲ ನನಗೆ ಗೊತ್ತಿತ್ತು.

"ಗಂಡನ ಹೆಸರು ಎಂತ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯಯ್ಯೋ, ಅದ ಹೇಳೂಕಾಗ್ತದೆಯಾ? ನಾಲ್ಗೆಗೆ ಹುಳ ಬೀಳ್ತದೆ."

"ಹೇಳದಿದ್ದರೆ ನಾನು ಹೇಗೆ ಬರೆಯಲಿ?"

"ನೀನೇ ತಿಳ್ಕ. ಶಾಲೆಗೆ ಹೋಗ್ತೆ ಅಲ್ಲ?" ಅವಳು ಸ್ವಲ್ಪ ಯೋಚಿಸಿದಳು. "ನಮ್ಮ ಸಂತೆ ಯಾವ ದಿವ್ಸ? ಆ ದಿವ್ಸದ ಹೆಸ್ರೇ ಅವ್ರದ್ದು."

ನನಗೆ ಒಗಟು ಬಿಡಿಸಿದ ಖುಷಿ. ನಮ್ಮ ಸಂತೆ ಶನಿವಾರ. ನಮ್ಮ ಮನೆಗೆ ಕಾಯಿ ಕೊಯ್ಯಲು ಬರುವವನ ಹೆಸರೂ ಶನಿಯಾರ ಎಂದೇ ಇತ್ತು, ಅಂಥ ಹೆಸರು ನಮ್ಮ ಕಡೆ ಹೊಸದಲ್ಲ. ಕೋಂ ಮುಂದೆ ದುಂಡಗೆ 'ಶನಿಯಾರ ಗೌಡ' ಎಂದು ಬರೆದೆ.

"ಬರ್ದ್ಯಾ?"

"ಬರೆದೆ."

"ಆತು," ಎಂದಳು. ಓದಲು ಬಾರದ ಅವಳು ಕಾಗದವನ್ನು ತಿರುಗಿಸಿ, ಎರಡೂ ಕಡೆ ನೋಡಿ, ಮಸಿ ಒಣಗುವ ತನಕ ಊದಿದಳು. ಮಾರನೇ ದಿನ ನಾನೇ ಕೊಟ್ಟುಬಂದೆ. ಕಾಗದ ತೆಗೆದುಕೊಂಡ ಗುಮಾಸ್ತರು ನನ್ನ ಅಕ್ಷರ ಹೊಗಳಿದರು.

ಪ್ರದರ್ಶನ ಶಾಲೆಯ ಮೈದಾನದಲ್ಲಿ. ಬಿದಿರಿನ ಚಪ್ಪರ, ಬಣ್ಣದ ಕಾಗದದ ತೋರಣ, ಸುಣ್ಣದಲ್ಲಿ ಎಳೆದ ದಾರಿ. ಜಪಾನಿ ಪದ್ಧತಿಯ ಭತ್ತದ ಸಾಗುವಳಿ ಎಂದು ದೊಡ್ಡ ಚಿತ್ರ ಹಾಕಿದ್ದರು. ಅದರ ನೆರಳಿನಲ್ಲಿ ಹೆಂಗಸರು ಕೂತು ಎಲೆಅಡಿಕೆ ಹಾಕುತ್ತಿದ್ದರು. ಮಂಕಿ ಊರಿನ ಕಡೆಯ ತೆಂಗಿನಕಾಯಿಗಳಿಗೆ ಒಂದೊಂದು ಚೀಟಿ ಅಂಟಿಸಿ ಸಾಲಾಗಿ ಕೂರಿಸಿದ್ದರು. ಒಂದು ಕುಂಬಳಕಾಯಿ ಎಷ್ಟು ದೊಡ್ಡದಿತ್ತೆಂದರೆ ಅದರ ಒಡೆಯ ಮಗುವಿಗೆ ಹೊದೆಸಿದ ಹಾಗೆ ಪಂಚೆ ಹೊದೆಸಿದ್ದ. ಆದರೆ ಜನ ನಿಂತು ನೋಡುತ್ತಿದ್ದದ್ದು ಗೌಡ್ತಿಯ ಜಡೆಗಳನ್ನು. ಆಳೆತ್ತರದ ನಾಲ್ಕು ಜಡೆ, ಮೇಲೆ ಸಣ್ಣ ಗಡ್ಡೆ, ಕೆಳಗೆ ಬರಬರುತ್ತ ದೊಡ್ಡದು. ಒಂದೇ ಬಣ್ಣ. ನೋಡುವವರು ಕೈಯಲ್ಲಿ ತೂಗಿ ನೋಡಿ, ಹೊಟ್ಟು ಉದುರದಿರುವುದನ್ನು ಕಂಡು ತಲೆದೂಗುತ್ತಿದ್ದರು.

ಅವಳು ತಲೆಗೆ ಅಬ್ಬಲಿಗೆ ಮುಡಿದು ಬಂದಿದ್ದಳು. ಅವಳ ಗಂಡ ಬಂದಿರಲಿಲ್ಲ. ಬೇಸಿಗೆಯಲ್ಲಿ ಅವನು ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಕೂಲಿಗೆ ಹೋಗುತ್ತಿದ್ದ. ಮಧ್ಯಾಹ್ನ ಭೋಂಗಾ ಗೊರಗೊರ ಎಂದಿತು. ಅವಳು ನನ್ನ ಕೈ ಹಿಡಿದುಕೊಂಡಳು. ಬದನೆ ಆಯಿತು, ಹರಿವೆ ಆಯಿತು, ಕಬ್ಬು ಆಯಿತು. ಆಮೇಲೆ, "ನೀರುಳ್ಳಿ. ಮೊದಲನೇ ಬಹುಮಾನ..." ಮತ್ತು ಅವಳ ಹೆಸರು.

ಅವಳ ಮುಖ ಆಗ ಹೇಗಾಯಿತು ಎಂದು ನಾನು ನೋಡಿದ್ದೇನೆ. ಯಾರೋ ದೂರದಿಂದ ಊಟಕ್ಕೆ ಕರೆದಾಗ ಆಡುವ ಮಗು ತಿರುಗಿ ನೋಡುತ್ತದಲ್ಲ, ಹಾಗೆ. ಅಷ್ಟರಲ್ಲಿ ಭೋಂಗಾ ಮುಂದಿನದನ್ನೂ ಹೇಳಿತು. "...ಕೋಂ ಶನಿಯಾರ ಗೌಡ."

ನನ್ನ ಕೈ ಬಿಟ್ಟಳು.

"ನಾ ಅಲ್ಲ ಅದು. ಅದೇ ಹೆಸ್ರಿನವ್ಳು ಮತ್ಯಾರೋ ಅದಾಳೆ."

"ನೀನೇ ಗೌಡ್ತೀ, ಹೋಗು, ನೀನೇ!"

"ಅಂವ ನನ್ನ ಗಂಡ ಅಲ್ಲಲೇ! ನಾಕು ಜನ್ರ ಎದ್ರಿಗೆ ಮತ್ತೊಬ್ನ ಹೆಂಡ್ತಿ ಅಂತ ಹೋಗೂದಾ? ಎಂತ ಮಾತಾಡ್ತೆ ತಂಗೀ?"

ಎರಡನೇ ಸಲ ಕೂಗಿದರು. ಮೂರನೇ ಸಲ ಕೂಗಿದರು. ಅವಳು ಕಂಬ ಹಿಡಿದು ಕದಲದೆ ನಿಂತಳು. ಅವಳನ್ನು ಎಳೆದುಕೊಂಡು ಮೇಜಿನ ಹತ್ತಿರ ಹೋದೆ. ಮೇಜಿನ ಮೇಲೆ ಹೊಚ್ಚಹೊಸ ಎರಡು ಝಾರಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಿಂದೆ ಕೂತಿದ್ದ ಸಾಹೇಬರು ಘಟ್ಟದ ಮೇಲಿನವರು, ಹೊಸದಾಗಿ ಬಂದವರು. ಗಂಡನ ಹೆಸರು ತಪ್ಪಾಗಿದೆ ಎಂದೆ. ಅವರು ಒಳ್ಳೆಯ ದನಿಯಲ್ಲೇ ಕೇಳಿದರು.

"ಆಗಲಿ ತಿದ್ದೋಣ. ಏನಮ್ಮ, ನಿನ್ನ ಯಜಮಾನರ ಹೆಸರೇನು?"

ಅವಳು ನೆಲ ನೋಡಿದಳು. ಸುತ್ತ ಜನ ಸೇರಿದರು.

"ಹೇಳಮ್ಮ, ನಾಚಿಕೆ ಯಾಕೆ?"

ಹಿಂದಿನಿಂದ ಯಾರೋ ಕೂಗಿದರು: "ಶನಿಯಾರ ಬ್ಯಾಡದಿದ್ರೆ ಐತಾರ ನೋಡೇ ಗೌಡ್ತೀ!" ಎಲ್ಲರೂ ಹೋ ಎಂದು ನಕ್ಕರು. ಕೊನೆಗೆ ತಡೆದು ತಡೆದು ಹೇಳಿದಳು.

"ಮಂಗ್ಳಾರದ... ಮಾರನೇ ದಿವ್ಸ, ಸಾಯೇಬ್ರೇ."

ಸಾಹೇಬರು ಕನ್ನಡಕ ತೆಗೆದರು. "ಬುಧವಾರವೇ? ಬುಧವಾರ ನಾನು ಇಲ್ಲಿರುವುದಿಲ್ಲಮ್ಮ. ಬಹುಮಾನ ಇವತ್ತೇ ತೆಗೆದುಕೊಳ್ಳಬೇಕು."

ಆಗ ನನಗೆ ಹೊಳೆಯಿತು. ಬುದ್ಯಾ! ಬುಧವಾರ ಹುಟ್ಟಿದವನು ಬುದ್ಯಾ. ಅದಕ್ಕೇ ಅವಳು ಆ ದಿನದ ಹೆಸರು ಬಾಯಲ್ಲಿ ತರುತ್ತಿರಲಿಲ್ಲ. ಬುಧವಾರ ಕುಮಟೆಯ ಸಂತೆ. 'ನಮ್ಮ ಸಂತೆ' ಎಂದಾಗ ಅವಳು ಹೇಳಿದ್ದು ಕುಮಟೆಯದು. ಹೊನ್ನಾವರಕ್ಕೆ ಬಂದು ಎಷ್ಟು ವರ್ಷವಾಗಿದ್ದರೂ ಅವಳ ಬಾಯಲ್ಲಿ 'ನಮ್ಮ' ಎಂದರೆ ತವರೇ... ಹೆಣ್ಣಿನ 'ನಮ್ಮ' ಎಲ್ಲಿರುತ್ತದೆ ಎಂದು ತಿಳಿಯುವ ವಯಸ್ಸಲ್ಲ ಅದು ನನಗೆ.

"ಬುದ್ಯಾ ಗೌಡ! ಅದೇ ಹೆಸರು!" ಎಂದು ಕಿರುಚಿದೆ.

ಸಾಹೇಬರು ಕಾಗದ ತಿರುವಿ ನೋಡಿದರು. "ಇದು ಯಾರ ಅಕ್ಷರ?"

"ನನ್ನದು."

"ಬರೆದದ್ದೂ ನೀನೇ, ತಪ್ಪು ಎನ್ನುವವಳೂ ನೀನೇ. ಇದೇನು ಮಕ್ಕಳ ಆಟವೇ? ಇವಳು ತಾನಾಗಿ ಹೇಳಲಿ. ಇಲ್ಲವೇ ಗಂಡನನ್ನು ಕರೆತನ್ನಿ, ಐದು ಗಂಟೆಯ ತನಕ ಕಾಯುತ್ತೇನೆ."

ಕುಮಟೆಯಾಚೆಯ ಸಾಣಿಕಟ್ಟೆಯಿಂದ ಐದು ಗಂಟೆಯೊಳಗೆ ಬರಲು ಅವನೇನು ಹಕ್ಕಿಯೇ? ನಾನು ಅಪ್ಪನನ್ನು ಹುಡುಕಿಕೊಂಡು ಓಡಿದೆ. ಅಪ್ಪ ಕಚೇರಿಯ ಕೆಲಸಕ್ಕೆ ಹೊಳೆಯಾಚೆ ಹೋಗಿದ್ದರು. ತಿರುಗಿ ಬಂದು ಅವಳನ್ನು ಚಪ್ಪರದ ಹಿಂದೆ ಕರೆದುಕೊಂಡು ಹೋದೆ. ಅತ್ತುಕೊಂಡು ಬೇಡಿದೆ. "ಒಂದೇ ಸಲ ಹೇಳು ಗೌಡ್ತೀ. ಮೆಲ್ಲಗೆ ಹೇಳು. ನಿನ್ನ ಗಂಡ ಇಲ್ಲಿಲ್ಲ, ಅವನಿಗೆ ಕೇಳುವುದಿಲ್ಲ."

"ಅವ್ರಿಗೆ ಕೇಳೂದಿಲ್ಲ, ನಂಗೆ ಕೇಳ್ತದಲೇ ತಂಗೀ," ಎಂದಳು.

ಐದು ಗಂಟೆಗೆ ಎರಡು ಝಾರಿಗಳೂ ಎರಡನೇ ಬಹುಮಾನದವರಿಗೆ ಹೋದವು. ಅವರ ಬಾವಿಗೆ ಆಗಲೇ ಇಂಜಿನ್ ಪಂಪು ಬಂದಿತ್ತು. ಆ ಝಾರಿಗಳನ್ನು ಅವರ ಗಾಡಿಯ ಹಿಂದೆ ಕಟ್ಟಿದ್ದು, ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದು ಠಣ್ ಠಣ್ ಎನ್ನುತ್ತಾ ಹೋದದ್ದು ಈಗಲೂ ಕಿವಿಯಲ್ಲಿದೆ. ನನ್ನ ಮೇಜುಬಟ್ಟೆಗೆ ಬಹುಮಾನ ಬಂದಿತ್ತು. ಅದರ ಚೀಟಿಯಲ್ಲಿ ನನ್ನ ಹೆಸರು ಮತ್ತು ತರಗತಿ. ಕೋಂ ಇರಲಿಲ್ಲ.

ದಾರಿಯಲ್ಲಿ ಅವಳು ಜಡೆಗಳನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಿಂಗೆ ಎಂತ ಗೊತ್ತು, ಸಣ್ಣವ್ಳು" ಎಂದಳು. ಸ್ವಲ್ಪ ದೂರ ಹೋದ ಮೇಲೆ ತನಗೆ ತಾನೇ ಹೇಳಿಕೊಂಡಳು. "ಮೂರು ಸಲ ಕರ್ದ್ರು. ನನ್ನ ಹೆಸ್ರೇ. ಆದ್ರೂ ನಾ ಅಲ್ಲ ಅದು."

ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಎರಡು ಅಕ್ಷರ. ಬಾಯಿ ತೆರೆದರೆ ಮುಗಿಯುತ್ತಿತ್ತು. ಸಿಸ್ಟರ್ ನನಗೆ, "ಎರಡು ಸಲ ಕೇಳು, ಒಂದು ಸಲ ಬರೆ" ಎಂದು ಬುದ್ಧಿ ಹೇಳಿದರು. ಅದೇ ಸಾಲನ್ನು ಐವತ್ತು ಸಲ ಬರೆಸಿದರು ಕೂಡ. ಐವತ್ತು ಸಲ ದುಂಡಗೆ ಬರೆದೆ. ಅದರಿಂದ ಯಾರಿಗೆ ಏನಾಯಿತು?

ಎರಡು ವರ್ಷ ಬಿಟ್ಟು ಕುಮಟೆಯ ಪ್ರದರ್ಶನಕ್ಕೆ ಅವಳು ಗಂಡನನ್ನೇ ಕರೆದುಕೊಂಡು ಹೋದಳು. ನನ್ನ ಚಿಕ್ಕಮ್ಮನ ಮನೆ ಅಲ್ಲೇ ಇದ್ದುದರಿಂದ ನಾನೂ ಹೋಗಿದ್ದೆ. ಈ ಸಲ ಹೆಸರು ತಪ್ಪುವ ಮಾತೇ ಇಲ್ಲ, ಹೆಸರಿನವನೇ ಎದುರು ನಿಂತಿದ್ದಾನೆ. ಗೌಡ ಸಾಧು ಮನುಷ್ಯ. ಉಪ್ಪಿನ ಕೆಲಸದಿಂದ ಪಾದ ಬಿರಿದಿತ್ತು, ನಿಂತಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಮೇಜಿನ ಗುಮಾಸ್ತ ಹೆಸರು ಕೇಳಿದ. ಗೌಡ ಹೇಳಿದ. ಗುಮಾಸ್ತ ಬರೆದುಕೊಂಡು, ಬಿನ್ ಮುಂದೆ ಅವನ ಅಪ್ಪನ ಹೆಸರನ್ನೂ ಬರೆದು, ಠಸ್ಸೆ ಒತ್ತಿದ.

"ಬೆಳ್ದದ್ದು ಇವ್ಳು ಸಾಯೇಬ್ರೇ. ನಂಗೆ ಉಪ್ಪು ಒಂದು ಬಿಟ್ರೆ ಎಂತದೂ ಗೊತ್ತಿಲ್ಲ," ಎಂದ ಗೌಡ.

"ಗಂಡ ಖುದ್ದು ಹಾಜರಿರುವಾಗ ಹೆಂಗಸರ ಹೆಸರು ಯಾಕೆ ಮಾರಾಯಾ? ಮುಂದಿನವರು ಬನ್ನಿ!"

ಮೊದಲ ಬಹುಮಾನ ಬಂತು. ಭೋಂಗಾದಲ್ಲಿ 'ಬುದ್ಯಾ ಗೌಡ' ಎಂದು ಸ್ಪಷ್ಟವಾಗಿ, ಒಂದೇ ಸಲಕ್ಕೆ ಕೂಗಿದರು. ಅವನು ಹೋಗಿ ಬಗ್ಗಿ ನಮಸ್ಕಾರ ಮಾಡಿ ಒಂದು ಮೂಟೆ ಸರಕಾರಿ ಗೊಬ್ಬರ ಹೊತ್ತುಕೊಂಡು ಬಂದ. ಈ ಸಲ ಝಾರಿ ಇರಲಿಲ್ಲ. ಅವಳು ಬೂದಿ ಮತ್ತು ಒಣಮೀನಿನ ಪುಡಿ ಬಿಟ್ಟು ನೀರುಳ್ಳಿಗೆ ಬೇರೆ ಏನನ್ನೂ ಹಾಕಿದವಳಲ್ಲ.

"ಹೆಸ್ರು ಸರಿ ಬಂತು, ಆತಲೆ?" ಎಂದು ನನ್ನ ಕಡೆ ನೋಡಿ ನಕ್ಕಳು. ಗೌಡ ಮೂಟೆ ಕೆಳಗಿಟ್ಟು ಅವಳ ಹತ್ತಿರ ಏನೋ ಹೇಳಿದ. ಅವಳು, "ನೀವು ಎಂತ ಮಾಡೂಕಾಗ್ತದೆ? ನಡೀರಿ, ಬಸ್ಸು ಹೋಗ್ತದೆ" ಎಂದಳು.

ಆಮೇಲೆ ನನ್ನ ಮದುವೆಯಾಯಿತು. ಭಟ್ಕಳಕ್ಕೆ ಬಂದೆ. ದೊಡ್ಡ ಮನೆ, ಮಾತಿಗಿಂತ ಕಣ್ಣಿನಲ್ಲೇ ಆಳುವ ಅತ್ತೆ. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ, "ತಂಗೀ..." ಎಂಬ ದನಿ. ಗೌಡ್ತಿ. ಕೂದಲು ನರೆತಿತ್ತು. ಕುತ್ತಿಗೆಯ ಕರಿಮಣಿ ಇರಲಿಲ್ಲ. ಕೈಯಲ್ಲಿ ಒಂದೇ ಒಂದು ಜಡೆ. ಮೈದಾನದಲ್ಲಿ ಪ್ರದರ್ಶನವಿದೆ ಎಂದು ಕೇಳಿ, ನನ್ನ ಮನೆ ಹುಡುಕಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಊರಾಚೆಯ ಜಾಲಿ ಎಂಬ ಹಳ್ಳಿಯ ತನಕ ದಾರಿ ತಪ್ಪಿ ಹೋಗಿ ಅಲ್ಲಿಂದ ನಡೆದು ಬಂದಿದ್ದಳು.

ನಾನು ನೀರು, ಬೆಲ್ಲ ಕೊಟ್ಟೆ. ಅವಳು ಅರ್ಜಿಯ ಕಾಗದ ಬಿಡಿಸಿದಳು. ಬರೆಯುವ ಮೊದಲು ನನ್ನನ್ನು ಕೆಣಕುವ ಮನಸ್ಸಾಯಿತು ಅವಳಿಗೆ.

"ನನ್ನ ಕೋಂ ಇರ್ಲಿ. ನಿನ್ನ ಕೋಂ ಎಂತದು, ಹೇಳು ನೋಡ್ವಾ?"

ನಾನು ಬಾಯಿ ತೆರೆದೆ. ಒಳಗೆ ಅತ್ತೆ ಒಗ್ಗರಣೆ ಹಾಕುವ ಸದ್ದು ಕೇಳಿಸುತ್ತಿತ್ತು. ಬಾಯಿ ಮುಚ್ಚಿದೆ. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದ ನಾನು, ಚಪ್ಪರದ ಹಿಂದೆ ನಿಂತು 'ಒಂದೇ ಸಲ ಹೇಳು' ಎಂದು ಅವಳನ್ನು ಪೀಡಿಸಿದ ನಾನು, ಹೊರಬಾಗಿಲ ಮೇಲಿದ್ದ ಹೆಸರಿನ ಹಲಗೆಯನ್ನು ಬೆರಳು ಮಾಡಿ ತೋರಿಸಿದೆ.

"ನಂಗೆ ಓದೂಕೆ ಬರೂದಿಲ್ಲಲೇ ಹೆಣ್ಣೇ!" ಎಂದು ಅವಳು ತೊಡೆ ತಟ್ಟಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಗುತ್ತಾ ನಗುತ್ತಾ ನನಗೆ ನಾಚಿಕೆಯಾಯಿತು.

ಆಮೇಲೆ ಬರೆದೆ. ಅವಳ ಹೆಸರು. ಕೋಂ ಮುಂದೆ ಬುದ್ಯಾ ಗೌಡ. ಎರಡು ಸಲ ನೋಡಿದೆ, ಸರಿಯಾಗಿತ್ತು. ಆದರೆ ಅದರ ಕೆಳಗೆ ಹಿಂದೆ ಇಲ್ಲದ ಒಂದು ಗೆರೆ ಬಂದಿತ್ತು: ಸರ್ವೆ ನಂಬರು. ಜೊತೆಗೆ ಪಹಣಿಯ ನಕಲು ಲಗತ್ತಿಸಬೇಕು.

"ಯಾವ ಗದ್ದೆಯಲ್ಲಿ ಬೆಳೆದದ್ದು ಗೌಡ್ತೀ?"

ಗಂಡ ತೀರಿಹೋದ ಮೇಲೆ ಒಡೆಯರು ಗದ್ದೆ ಬಿಡಿಸಿಕೊಂಡಿದ್ದರು. ಈಗ ತವರಿನಲ್ಲಿ, ತಮ್ಮನ ಗುಡಿಸಲ ಹಿಂದೆ, ಸಮುದ್ರದ ಮರಳಲ್ಲಿ ನಾಲ್ಕು ಸಾಲು ಹಾಕಿದ್ದಳಂತೆ. "ಮರ್ಳಿಗೆ ಎಂತ ನಂಬರು ತಂಗೀ? ಸಮುದ್ರದ್ದು ಅದು."

ಮನೆಯ ಕೆಲಸದವಳ ಕೈಯಲ್ಲಿ ಕಾಗದ ಕಳಿಸಿದೆ. ಅರ್ಧ ಗಂಟೆಯಲ್ಲಿ ಹಾಗೇ ವಾಪಸು ಬಂತು. ಸರ್ವೆ ನಂಬರಿನ ಜಾಗದಲ್ಲಿ ಯಾರೋ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ನಾನೇ ಹೋಗಿ ಕೇಳಬಹುದಿತ್ತು. ಆ ಪ್ರದರ್ಶನದ ಮುಖ್ಯಸ್ಥರು ನಮ್ಮ ಮನೆಯವರಿಗೆ ಗುರುತಿನವರು, ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ಹೊರಟೆ ಕೂಡ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಎಲ್ಲಿಗೆ?" ಎಂದರು. ಅಷ್ಟೇ. ಒಂದೇ ಮಾತು.

ನಾನು ಹೋಗಲಿಲ್ಲ.

ಈಗ ಆಲೋಚಿಸಿದರೆ ಅದು ಎಷ್ಟು ಸಣ್ಣ ಕೆಲಸ! ಮೈದಾನ ಐದು ನಿಮಿಷದ ದಾರಿ. ಹೆಚ್ಚೆಂದರೆ ಅತ್ತೆ ನಾಲ್ಕು ದಿನ ಮಾತು ಬಿಡುತ್ತಿದ್ದರು. ಅವಳು ಎರಡು ಅಕ್ಷರ ಹೇಳಲಿಲ್ಲ ಎಂದು ನಾನು ಸಿಟ್ಟಾಗಿದ್ದೆ. ನಾನು ಒಂದು ಹೊಸ್ತಿಲು ದಾಟಲಿಲ್ಲ.

ಗೌಡ್ತಿ ಎಲ್ಲ ನೋಡುತ್ತಾ ಕೂತಿದ್ದಳು. ಎದ್ದು ಜಡೆಯನ್ನು ನಮ್ಮ ಹಿತ್ತಲ ಪಡಸಾಲೆಯ ಗೂಟಕ್ಕೆ ತಾನೇ ತೂಗುಹಾಕಿದಳು. "ಕೆಳಗಿಂದ ತೆಗಿ. ಮೇಲಿಂದ ಎಳೀಬೇಡ," ಎಂದಳು. ನನ್ನ ಗಲ್ಲ ಹಿಡಿದಳು. ಅಂಗೈ ಹಾಗೇ ಇತ್ತು, ನೆನೆದು, ಸುಕ್ಕುಗಟ್ಟಿ, ತಣ್ಣಗೆ. ಮಧ್ಯಾಹ್ನದ ಬಸ್ಸಿಗೆ ಹೋದಳು. ಆಚೆ ಮೈದಾನದಿಂದ ಭೋಂಗಾದ ಸದ್ದು ಸಂಜೆಯ ತನಕ ಕೇಳಿಸುತ್ತಲೇ ಇತ್ತು, ಯಾರು ಯಾರದೋ ಹೆಸರು... ಮತ್ತೆ ಅವಳನ್ನು ನಾನು ನೋಡಲಿಲ್ಲ. ಅವಳು ತೀರಿಹೋದ ಸುದ್ದಿ ತಿಳಿದದ್ದೂ ಎಷ್ಟೋ ವರ್ಷ ಕಳೆದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ.

ಆ ಜಡೆಯನ್ನು ಕೆಳಗಿನಿಂದ ಒಂದೊಂದೇ ತೆಗೆದು ಆ ಮಳೆಗಾಲವೆಲ್ಲ ಬಳಸಿದೆವು. ಅತ್ತೆ ಹಸಿಯಾಗಿಯೇ ತಿಂದು, "ಸಿಹಿಯಾಗಿದೆ" ಎಂದರು. ಅವಳ ನೀರುಳ್ಳಿಗೆ ಭಟ್ಕಳದಲ್ಲಿ ಸಿಕ್ಕ ಬಹುಮಾನ ಅದೊಂದೇ.

ಮೊನ್ನೆ ಬಿದ್ದ ನೀರುಳ್ಳಿಗಳನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿ, ಮೊಮ್ಮಗಳ ನೋಟುಪುಸ್ತಕದಿಂದ ಒಂದು ಹಾಳೆ ಹರಿದುಕೊಂಡೆ. ಅವಳ ಹೆಸರನ್ನು ಒಮ್ಮೆ ಸರಿಯಾಗಿ, ಪೂರ್ತಿಯಾಗಿ ಬರೆದು ಇಡೋಣ ಎನಿಸಿತು. 'ಕೋಂ ಬುದ್ಯಾ ಗೌಡ' ಎಂದು ಬರೆದೆ. ಅಕ್ಷರ ಈಗ ನಡುಗುತ್ತದೆ, ಆದರೂ ದುಂಡಗೇ ಬಂತು. ಅದರ ಹಿಂದೆ ಅವಳ ಹೆಸರಿಗೆ ಬಿಟ್ಟ ಜಾಗಕ್ಕೆ ಪೆನ್ನು ತಂದೆ...

ಬರಲಿಲ್ಲ.

ದೇವಿಯೇ? ಸುಕ್ರಿಯೇ? ನಾಗಿಯೇ? ಒಂದೊಂದನ್ನೂ ಹೇಳಿ ನೋಡಿದೆ. ಯಾವುದೂ ಅವಳದಲ್ಲ. ಹೊನ್ನಾವರದ ತಮ್ಮನಿಗೆ ಫೋನು ಮಾಡಿದೆ. "ಗೌಡ್ತಿಯ ಹೆಸರಾ? ಗೌಡ್ತಿ ಅಂತಲೇ ಕರೀತಿದ್ದದ್ದು ಅಲ್ಲವಾ ಅಕ್ಕಾ? ಅವಳ ಗಂಡ ಬುದ್ಯಾ, ಅದು ನೆನಪಿದೆ" ಎಂದ. ನನಗೂ ಅದು ನೆನಪಿದೆ. ಅವಳ ಗಂಡನಲ್ಲದ ಶನಿಯಾರನೂ ನೆನಪಿದ್ದಾನೆ. ಅವ್ವಿ ಸತ್ತ ಮೇಲೆ ಯಾರೂ ಕರೆಯದ ಹೆಸರದು. ಎರಡು ಸಲ ಈ ಕೈಯಲ್ಲೇ ಬರೆದಿದ್ದೆ. ಭೋಂಗಾದಲ್ಲಿ ಮೂರು ಸಲ ಕೂಗಿದಾಗ ಅವಳ ಪಕ್ಕದಲ್ಲೇ ನಿಂತು ಕೇಳಿದ್ದೆ. ತಪ್ಪುತ್ತದೆ ಎಂಬ ಹೆದರಿಕೆಯಿಂದ ಕೋಂ ಮುಂದಿನದನ್ನು ಜೀವನಪೂರ್ತಿ ನೆನಪಿಟ್ಟುಕೊಂಡೆ.

ಹಾಳೆಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಮಡಚಿ, ನೀರುಳ್ಳಿ ಬುಟ್ಟಿಯ ಅಡಿಯಲ್ಲಿ ಇಟ್ಟಿದ್ದೇನೆ.